ಕ್ಯಾಂಪರ್ ವ್ಯಾನ್ ಸೆಲ್ಫ್ ತಗೊಳ್ಳುತ್ತಿಲ್ಲವೇ? ಹೊಸ ಬ್ಯಾಟರಿ ಆಮೇಲೆ, ಮೊದಲು ಮೀಟರ್ ಹಿಡಿಯಿರಿ

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಪರಿಚಯದ ಕುಟುಂಬವೊಂದು ಅಲ್ಲಿ ಕ್ಯಾಂಪರ್ ವ್ಯಾನ್ ನಿಲ್ಲಿಸಿ ಎರಡು ದಿನ ಇತ್ತು. ಮೂರನೇ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಕುಂದಾಪುರದಿಂದ ಹೊಸ ಬ್ಯಾಟರಿ ತರಿಸಿ ಹಾಕಿದರು, ಆಗಲೂ ಇಲ್ಲ. ನಾನು ಹೋಗಿ ನೋಡಿದರೆ ಹಳೇ ಬ್ಯಾಟರಿ ಚೆನ್ನಾಗಿಯೇ ಇತ್ತು. ಇಂಜಿನ್ನಿನ ಅರ್ಥ್ ಪಟ್ಟಿಯ (ಇಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ಕರೆಂಟ್ ಮರಳುವ ತಾಮ್ರದ ಪಟ್ಟಿ) ಒಂದು ಬೋಲ್ಟ್ ತುಕ್ಕು ಹಿಡಿದಿತ್ತು, ಅಷ್ಟೇ. ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಬ್ಯಾಟರಿ ಅಂತ ತಿಳಿಯಿರಿ

ಕ್ಯಾಂಪರ್ ವ್ಯಾನ್‌ನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ತವೆ. ಒಂದು ಇಂಜಿನ್ನಿಗೆ, ಇನ್ನೊಂದು ಒಳಗಿನ ಲೈಟು, ಫ್ಯಾನು, ಫ್ರಿಜ್ಜಿಗೆ. "ಹಿಂದೆ ಫ್ಯಾನ್ ಜೋರಾಗಿ ತಿರುಗ್ತಿದೆ, ಬ್ಯಾಟರಿ ಸರಿಯಾಗಿಯೇ ಇದೆ" ಅನ್ನುವವರು ತಪ್ಪು ಬ್ಯಾಟರಿಯನ್ನು ನಂಬಿರುತ್ತಾರೆ. ಫ್ಯಾನ್ ತಿರುಗುವುದಕ್ಕೂ ಸೆಲ್ಫ್‌ಗೂ ಸಂಬಂಧವಿಲ್ಲ.

ಬ್ಯಾಟರಿಯ ಕಟಾಫ್ ಸ್ವಿಚ್ ಆನ್ ಇದೆಯಾ, ಗೇರು ನ್ಯೂಟ್ರಲ್‌ನಲ್ಲಿದೆಯಾ, ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ.

ಕಿವಿಗೊಟ್ಟು ಕೇಳಿ

ಕೀ ತಿರುಗಿಸಿದಾಗ 'ಕಟಕಟಕಟ' ಅಂತ ಒಂದೇ ಸಮನೆ ಸದ್ದು ಬಂದರೆ ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಜೋಡಣೆ ಸಡಿಲ. ಒಂದೇ ಒಂದು 'ಟಕ್' ಬಂದು ನಿಂತರೆ ಸೆಲ್ಫ್ ಮೋಟರಿಗೆ ಸಾಕಷ್ಟು ಕರೆಂಟ್ ಹೋಗುತ್ತಿಲ್ಲ, ಅಥವಾ ಮೋಟರೇ ಕೆಟ್ಟಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ (ಕರೆಂಟಿನಿಂದ ಆನ್ ಆಗುವ ಸ್ವಿಚ್), ಕ್ಲಚ್ ಒತ್ತಿದ್ದನ್ನು ತಿಳಿಸುವ ಸ್ವಿಚ್ ಪರೀಕ್ಷಿಸಿ. ಇಂಜಿನ್ ಗಿರ್ರನೆ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ತೊಂದರೆ ಡೀಸೆಲ್ ಕಡೆ ಇರಬಹುದು. ಅದು ಬೇರೆ ಕಥೆ.

ಎಲ್ಲರೂ ಎಡವುವುದು ಇಲ್ಲಿ

ವೋಲ್ಟೇಜು ಅಳೆಯುವ ಮಲ್ಟಿಮೀಟರ್ ಬೇಕೇ ಬೇಕು. ಅದಿಲ್ಲದೆ ಕ್ಯಾಂಪರ್ ವ್ಯಾನ್ ಊರಾಚೆ ಒಯ್ಯಬೇಡಿ. ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡೂ ಕಂಬಗಳಿಗೆ (ಟರ್ಮಿನಲ್) ಹಿಡಿಯಿರಿ. 12.6 ಬಂದರೆ ತುಂಬಿದೆ. 12.2ರ ಹತ್ತಿರ ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ದೊಡ್ಡ ಬಸ್ ಚಾಸಿಸ್ ಮೇಲೆ ಕಟ್ಟಿದ ಗಾಡಿಗಳಲ್ಲಿ 24 ವೋಲ್ಟ್ ಇರಬಹುದು. ಆಗ ಮೀಟರನ್ನು 200ಕ್ಕೆ ಇಟ್ಟುಕೊಳ್ಳಿ.

ಹೆಚ್ಚಿನವರು 12.6 ನೋಡಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬಾರದು. ಸುಮ್ನೆ ಕೂತ ಬ್ಯಾಟರಿಯ ವೋಲ್ಟೇಜು ಅರ್ಧ ಸತ್ಯ ಮಾತ್ರ ಹೇಳುತ್ತದೆ. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಆ ಭಾರ ಬಿದ್ದಾಗಲೇ ನಿಜ ಹೊರಬರುವುದು. ಹಾಗಾಗಿ ಒಬ್ಬರನ್ನು ಕೀ ತಿರುಗಿಸಲು ಕೂರಿಸಿ, ಮೀಟರ್ ನೀವು ಹಿಡಿಯಿರಿ. ಇಂಜಿನ್ ಥಟ್ಟನೆ ಸ್ಟಾರ್ಟ್ ಆಗಬಹುದು, ಕೈ ಮತ್ತು ವೈರು ಇಂಜಿನ್ನಿನ ಫ್ಯಾನಿನಿಂದ ದೂರವಿರಲಿ.

ಕೀ ತಿರುಗಿಸಿದಾಗ 12 ವೋಲ್ಟಿನ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಅದು ಚಾರ್ಜ್ ಕಳೆದುಕೊಂಡಿದೆ ಅಥವಾ ಮುಗಿದಿದೆ. ಸೆಲ್ಫ್ ಎತ್ತುತ್ತಿಲ್ಲ, ಆದರೂ ವೋಲ್ಟೇಜು 12ರ ಮೇಲೇ ನಿಂತಿದೆ ಅಂದರೆ ಬ್ಯಾಟರಿಯನ್ನು ಬೈಯಬೇಡಿ. ಕರೆಂಟ್ ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿದೆ.

ಈಗ ಮೀಟರಿನ ಒಂದು ಕಡ್ಡಿಯನ್ನು ಸೀಸದ ಕಂಬದ ನಡುವಿಗೆ, ಇನ್ನೊಂದನ್ನು ಅದಕ್ಕೆ ಬಿಗಿದ ಕ್ಲಾಂಪಿಗೆ ಒತ್ತಿ, ಮತ್ತೆ ಕೀ ತಿರುಗಿಸಲು ಹೇಳಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ನಡುವೆ ಕೊಳೆ ಕೂತಿದೆ ಅಂತ ಅರ್ಥ. ಎರಡೂ ಕಂಬಕ್ಕೆ ಹೀಗೆ ಮಾಡಿ.

ಕೊನೆಗೆ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿ ಇಂಜಿನ್ನಿನ ಬಣ್ಣವಿಲ್ಲದ ಬೋಳು ಲೋಹಕ್ಕೆ. ಕೀ ತಿರುಗಿಸಿದಾಗ 0.2, ಹೆಚ್ಚೆಂದರೆ 0.3 ಬಂದರೆ ಸರಿ. ಮರವಂತೆಯಲ್ಲಿ 3ರ ಮೇಲೆ ಬಂತು. ಗೇರ್‌ಬಾಕ್ಸಿನ ಪಕ್ಕ ಟಾರ್ಚ್ ಬಿಟ್ಟು ನೋಡಿದೆ. ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿತ್ತು, ಬೋಲ್ಟಿನ ಕೆಳಗೆ ತುಕ್ಕಿನ ಪುಡಿ. ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿದೆ. ಮೊದಲ ಸಲಕ್ಕೇ ಇಂಜಿನ್ ಎದ್ದಿತು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಈ ಪಟ್ಟಿ.

ಶುಚಿ ಮಾಡುವಾಗ

ಉಂಗುರ, ಬಳೆ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ. ಸ್ಪಾನರ್ ಬೇಡ ಅಂತ ಮಾರುವ, ಕೈಯಲ್ಲೇ ತಿರುಗಿಸುವ ಕ್ಲಾಂಪುಗಳನ್ನು ಕೊಳ್ಳಲೇಬೇಡಿ. ಗುಂಡಿಯ ರಸ್ತೆಯಲ್ಲಿ ನಾಲ್ಕು ದಿನಕ್ಕೆ ಸಡಿಲವಾಗುತ್ತವೆ.

ಜಂಪ್ ಮಾಡಲೇಬೇಕಾದರೆ

ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಪಡೆದು ಸ್ಟಾರ್ಟ್ ಮಾಡುವುದೇ ಜಂಪ್. ಅಗ್ಗದ ಜಂಪರ್ ಕೇಬಲ್ ನೋಡಲು ದಪ್ಪ. ಕತ್ತರಿಸಿದರೆ ರಬ್ಬರೇ ಜಾಸ್ತಿ, ಒಳಗೆ ಸಣ್ಣ ಎಳೆ. ಅದರಿಂದ ಡೀಸೆಲ್ ಇಂಜಿನ್ ತಿರುಗುವುದಿಲ್ಲ. ದಪ್ಪ ತಾಮ್ರದ್ದೇ ಇಟ್ಟುಕೊಳ್ಳಿ. ಎರಡೂ ಗಾಡಿ ಒಂದೇ ವೋಲ್ಟೇಜಿನವಾಗಿರಬೇಕು. ಮೊದಲು ಕೆಂಪು, ಡೌನ್ ಆದ ಬ್ಯಾಟರಿಯ ಪ್ಲಸ್‌ನಿಂದ ಒಳ್ಳೆಯದರ ಪ್ಲಸ್‌ಗೆ. ಆಮೇಲೆ ಕಪ್ಪು, ಒಳ್ಳೆಯದರ ಮೈನಸ್‌ನಿಂದ ನಿಮ್ಮ ಇಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರ. ಒಳಗಿನ ಲಿಥಿಯಂ ಬ್ಯಾಟರಿಗೆ ನೇರವಾಗಿ ಕೇಬಲ್ ಸಿಕ್ಕಿಸಬೇಡಿ, ಅಷ್ಟು ಕರೆಂಟಿಗೆ ಅದನ್ನು ಮಾಡಿರುವುದಿಲ್ಲ. ಒಳಗಿನ ಬ್ಯಾಟರಿಯಿಂದ ಇಂಜಿನ್ ಸ್ಟಾರ್ಟ್ ಮಾಡಲು ಗಾಡಿ ತಯಾರಿಸಿದವರೇ ಎಮರ್ಜೆನ್ಸಿ ಸ್ಟಾರ್ಟ್ ಬಟನ್ ಕೊಟ್ಟಿದ್ದರೆ ಅದನ್ನು ಒತ್ತಬಹುದು. ತಳ್ಳುವ ಯೋಚನೆ ಬಿಡಿ. ಮೂರು ಟನ್ ಮೀರಿದ ಗಾಡಿ, ಅದೂ ಮರಳಲ್ಲಿ. ಮೇಲಾಗಿ ಈಗಿನ ಡೀಸೆಲ್ ಇಂಜಿನ್ನಿನ ಕಂಪ್ಯೂಟರಿಗೂ ಕರೆಂಟ್ ಬೇಕಲ್ವಾ?

ಸ್ಟಾರ್ಟ್ ಆದ ಮೇಲೆ ಇಂಜಿನ್ ಓಡುತ್ತಿರುವಾಗಲೇ ಮತ್ತೊಮ್ಮೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. 13.8ರಿಂದ 14.4ರ ಒಳಗೆ ಬರಬೇಕು. ಇನ್ನೂ 12ರಲ್ಲೇ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಅಥವಾ ಅದರ ಬೆಲ್ಟ್ ಕೈಕೊಟ್ಟಿದೆ. ಆಗ ಇಂಜಿನ್ ಆಫ್ ಮಾಡದೆ, ಹಗಲಲ್ಲೇ, ಹತ್ತಿರದ ಗ್ಯಾರೇಜಿಗೆ ಹೊರಡಿ.