ಟರ್ಬೊ ಕಾರಿನಲ್ಲಿ ಆಯಿಲ್ ಸೋರಿಕೆಯೇ? ಗ್ಯಾಸ್ಕೆಟ್ ಬಿಚ್ಚುವ ಮೊದಲು ಒತ್ತಡ ಅಳೆಯಿರಿ

ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸಿದ ಟರ್ಬೊ ಕಾರು. ವಾಲ್ವ್ ಕವರ್ ಗ್ಯಾಸ್ಕೆಟ್ ಹೊಸದು ಹಾಕಿಸಿ ಇನ್ನೂ ತಿಂಗಳು ತುಂಬಿಲ್ಲ, ಅದೇ ಅಂಚಿನಲ್ಲಿ ಮತ್ತೆ ಆಯಿಲ್ ಜಿನುಗುತ್ತಿದೆ. ಇಂಥ ಹೊತ್ತಲ್ಲಿ ಮತ್ತೊಂದು ಗ್ಯಾಸ್ಕೆಟ್ ತರಿಸಿದರೆ ದುಡ್ಡು ದಂಡ. ಎಷ್ಟೋ ಸಲ ಗ್ಯಾಸ್ಕೆಟ್ ಸರಿಯಾಗಿಯೇ ಇರುತ್ತದೆ. ಎಂಜಿನ್ನಿನ ಹೊಟ್ಟೆಯೊಳಗೆ ಒತ್ತಡ ಕಟ್ಟಿಕೊಂಡು ಆಯಿಲನ್ನು ಹೊರಕ್ಕೆ ದೂಡುತ್ತಿರುತ್ತದೆ. ಆ ಒತ್ತಡದ ಮೂಲ ಹುಡುಕುತ್ತ ಹೋದರೆ ಅನೇಕ ಬಾರಿ ಪಿಸ್ಟನ್ ರಿಂಗಿನ ಬುಡಕ್ಕೇ ಬಂದು ನಿಲ್ಲುತ್ತೇವೆ. ಮಾರ್ಪಾಡು ಮಾಡಿದ ಟರ್ಬೊ ಎಂಜಿನ್ನಿನಲ್ಲಿ ಸೋರಿಕೆಯನ್ನೂ ಕಂಪ್ರೆಷನ್ನನ್ನೂ (ಸಿಲಿಂಡರ್ ಹಿಡಿದಿಡುವ ಒತ್ತಡ) ಒಂದೇ ಪರೀಕ್ಷೆಯ ಎರಡು ಭಾಗವೆಂದು ನೋಡಬೇಕು ಎನ್ನುವುದು ಅದಕ್ಕೇ.

ಒಳಗೆ ನಡೆಯುವುದು ಇಷ್ಟು. ಉರಿದ ಅನಿಲದಲ್ಲಿ ಸ್ವಲ್ಪ ಪಾಲು ರಿಂಗುಗಳ ಸಂದಿಯಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲೂ ಇರುತ್ತದೆ. ಐಡಲ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಈ ಅನಿಲವನ್ನು ಪಿಸಿವಿ ಎಂಬ ಒಮ್ಮುಖ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ಬೂಸ್ಟ್ ಬಂದಾಗ ಲೆಕ್ಕ ತಲೆಕೆಳಗು: ಮ್ಯಾನಿಫೋಲ್ಡಿನಲ್ಲೇ ಒತ್ತಡ ಇರುವುದರಿಂದ ಪಿಸಿವಿ ವಾಲ್ವ್ ಮುಚ್ಚಿಕೊಳ್ಳಬೇಕು, ಅನಿಲ ಇನ್ನೊಂದು ಪೈಪಿನಿಂದ ಟರ್ಬೊ ಗಾಳಿ ಎಳೆಯುವ ಬಾಯಿಯ ಕಡೆಗೆ ಹೋಗಬೇಕು. ಕಂಪನಿ ಬೂಸ್ಟ್ 0.7 ಬಾರ್ ಇದ್ದ ಕಾರಿಗೆ 1.3 ಬಾರ್ ಕೊಟ್ಟರೆ ಬ್ಲೋ-ಬೈ ಹೆಚ್ಚುತ್ತದೆ, ಪೈಪು ಮಾತ್ರ ಹಳೆಯದೇ. ಅದರ ಮಧ್ಯೆ ಕಿರಿದಾದ ನಳಿಕೆಯ ಕ್ಯಾಚ್ ಕ್ಯಾನ್ (ಅನಿಲದಲ್ಲಿನ ಆಯಿಲ್ ಹಿಡಿಯುವ ಡಬ್ಬಿ) ಕೂಡ ಸೇರಿಸಿದ್ದರೆ ಒತ್ತಡಕ್ಕೆ ಹೋಗಲು ದಾರಿಯೇ ಇಲ್ಲ. ಆಗ ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲ್ ಹೊರಬೀಳುತ್ತದೆ: ವಾಲ್ವ್ ಕವರ್, ಕ್ಯಾಮ್ ಸೀಲ್, ಗೇರ್‌ಬಾಕ್ಸ್ ಕಡೆಗಿರುವ ಹಿಂಬದಿಯ ಮೇನ್ ಸೀಲ್. ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದು ನಿಂತಿದ್ದರೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

(ಕೆಳಗಿನ ಅಂಕಿಗಳೆಲ್ಲ ಪೆಟ್ರೋಲ್ ಎಂಜಿನ್ನಿಗೆ. ಡೀಸೆಲ್‌ಗೆ ಬೇರೆ ಗೇಜ್, ಬೇರೆ ಲೆಕ್ಕ.)

ಮೊದಲು ತೊಳೆಯಿರಿ, ಆಮೇಲೆ ಹುಡುಕಿ

ಕೊಳೆ ಮೆತ್ತಿದ ಎಂಜಿನ್ನಿನಲ್ಲಿ ಸೋರಿಕೆ ಹುಡುಕುವುದು ವ್ಯರ್ಥ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಇದ್ದರೆ ಬಿಚ್ಚಿಡಿ. ಆಯಿಲ್ ಅದರ ಮೇಲೆ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕಿ ದಾರಿ ತಪ್ಪಿಸುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

ಬಿದ್ದ ದ್ರವ ಯಾವುದೆಂದು ಬಿಳಿ ರಟ್ಟಿನ ಮೇಲೆ ನೋಡಿ. ಕಂದು ಅಥವಾ ಕಪ್ಪಾದರೆ ಎಂಜಿನ್ ಆಯಿಲ್. ಕೆಂಪಾದರೆ ಹೆಚ್ಚಾಗಿ ಆಟೊ ಗೇರ್‌ಬಾಕ್ಸ್ ಅಥವಾ ಪವರ್ ಸ್ಟಿಯರಿಂಗಿನದು. ಸಿಹಿ ವಾಸನೆಯ ಹಸಿರು, ಗುಲಾಬಿ ದ್ರವ ಕೂಲೆಂಟ್.

ತೊಳೆದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ದೂರ ಓಡಿಸಿಕೊಂಡು ಬನ್ನಿ. ಬಿಳಿ ಪುಡಿಯ ಮೇಲೆ ಆಯಿಲಿನ ಗೆರೆ ಎದ್ದು ಕಾಣುತ್ತದೆ. ಆಯಿಲ್ ಕೆಳಕ್ಕೂ ಹರಿಯುತ್ತದೆ, ಓಟದ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಶುರುಮಾಡಿ. ಹಿಂಬದಿಯ ಮೇನ್ ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿದ ಮೇಲೆ, ಮೇಲಿನ ವಾಲ್ವ್ ಕವರಿನಿಂದ ಇಳಿದ ಆಯಿಲ್ ಅದು ಎಂದು ಗೊತ್ತಾಗುವುದು ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ. ಪುಡಿಗೂ ಸಿಗದಷ್ಟು ಸಣ್ಣ ಸೋರಿಕೆಗೆ ಯುವಿ ಡೈ ಇದೆ: ಆಯಿಲಿಗೆ ಬೆರೆಸಿ, ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಮೂಲ ಹೊಳೆಯುತ್ತದೆ.

ಮಾರ್ಪಾಡು ಮಾಡಿದ ಕಾರಿನಲ್ಲಿ, ಆಮೇಲೆ ಸೇರಿಸಿದ ಭಾಗಗಳನ್ನೇ ಮೊದಲು ನೋಡಿ. ಆಯಿಲ್ ಕೂಲರಿಗೋ ಗೇಜಿಗೋ ಎಂದು ಫಿಲ್ಟರಿನಡಿ ಕೂರಿಸಿದ ಸ್ಯಾಂಡ್‌ವಿಚ್ ಪ್ಲೇಟ್, ಕೂಲರಿನ ಪೈಪಿನ ಫಿಟಿಂಗುಗಳು, ಟರ್ಬೊಗೆ ಆಯಿಲ್ ಒಯ್ಯುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್. ಈ ವಾಷರನ್ನು ಎರಡನೇ ಸಲ ಬಳಸಬಾರದು. ಗೇಜಿಗೆ ಒತ್ತಡ ತಿಳಿಸುವ ಆಯಿಲ್ ಪ್ರೆಷರ್ ಸೆಂಡರಿನ ದಾರದ ಬಗ್ಗೆ ವಿಶೇಷ ಎಚ್ಚರ ಬೇಕು. ಜಪಾನಿ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ ದಾರ, ಅಂಗಡಿಯಲ್ಲಿ ಸಿಗುವ ಎಷ್ಟೋ ಸೆಂಡರುಗಳಿಗೆ 1/8 ಎನ್‌ಪಿಟಿ. ಒಂದು ಇಂಚಿಗೆ 28 ಸುತ್ತು ಬ್ರಿಟಿಷ್ ಅಳತೆಯ ಬಿಎಸ್‌ಪಿಟಿಯಲ್ಲಿ, 27 ಅಮೆರಿಕನ್ ಅಳತೆಯ ಎನ್‌ಪಿಟಿಯಲ್ಲಿ. ಮೊದಲ ಸುತ್ತುಗಳು ಸಲೀಸಾಗಿ ಕೂರುವುದರಿಂದ ಸರಿಯಾಗಿದೆ ಅನ್ನಿಸುತ್ತದೆ. ಬಿಗಿ ಮಾಡಿದರೆ ದಾರ ಕೆಡುತ್ತದೆ ಅಥವಾ ಅಲ್ಯುಮಿನಿಯಂ ಸೀಳುತ್ತದೆ. ಭಾರದ ಸೆಂಡರನ್ನು ಹಿತ್ತಾಳೆಯ ಟಿ-ಫಿಟಿಂಗಿಗೆ ನೇರವಾಗಿ ನೇತುಹಾಕಿದ್ದರೆ ಅದನ್ನು ಇವತ್ತೇ ಬದಲಿಸಿ. ಎಂಜಿನ್ನಿನ ನಡುಕಕ್ಕೆ ಫಿಟಿಂಗ್ ಮುರಿದರೆ ಆಯಿಲೆಲ್ಲ ಖಾಲಿಯಾಗಲು ಹೆಚ್ಚು ಹೊತ್ತು ಬೇಡ. ಸೆಂಡರನ್ನು ಕಾರಿನ ಬಾಡಿಯ ಮೇಲೆ ಬಿಗಿದು, ಮೆತುಪೈಪಿನಿಂದ ಜೋಡಿಸುವುದೇ ಸರಿ.

ಟರ್ಬೊದ ಬಿಸಿ ಬದಿಗೆ, ಅಂದರೆ ಎಕ್ಸಾಸ್ಟ್ ಹೌಸಿಂಗ್ ಅಥವಾ ಡೌನ್‌ಪೈಪಿನ ಮೇಲೆ ಆಯಿಲ್ ಬೀಳುತ್ತಿದ್ದರೆ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಆ ಲೋಹ ಆಯಿಲಿಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತದೆ.

ಟರ್ಬೊವನ್ನು ದೂರುವ ಮುನ್ನ

ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಕಂಡ ಕೂಡಲೇ ಟರ್ಬೊ ಸೀಲ್ ಹೋಗಿದೆ ಎನ್ನುವುದು ವಾಡಿಕೆ. ಟರ್ಬೊ ಶಾಫ್ಟಿಗೆ ಸಾಮಾನ್ಯವಾಗಿ ರಬ್ಬರ್ ಸೀಲ್ ಇರುವುದಿಲ್ಲ. ಪಿಸ್ಟನ್ ರಿಂಗಿನಂಥ ತೆಳು ಲೋಹದ ರಿಂಗುಗಳಿರುತ್ತವೆ. ಬೇರಿಂಗಿಗೆ ಒತ್ತಡದಲ್ಲಿ ಬಂದ ಆಯಿಲ್ ನೊರೆಯಾಗಿ, ತನ್ನ ಭಾರದಿಂದಲೇ ಕೆಳಗಿಳಿದು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೇರಬೇಕು. ಇಳಿಯುವ ದಾರಿ ಕಟ್ಟಿದರೆ ಈ ರಿಂಗುಗಳು ಆಯಿಲನ್ನು ತಡೆಯಲಾರವು. ಹೊಸ ಟರ್ಬೊ ಹಾಕಿದರೂ ಅದೂ ಸೋರುತ್ತದೆ.

ಆದ್ದರಿಂದ ಡ್ರೈನ್ ಪೈಪನ್ನು ಬಿಚ್ಚಿ ನೋಡಿ. ಒಳವ್ಯಾಸ ಕನಿಷ್ಠ 12 ಮಿ.ಮೀ. ಇರಬೇಕು, ಎಲ್ಲೂ ಡೊಂಕಾಗಿ ಮೇಲೇರಬಾರದು, ಟರ್ಬೊ ಕೂರಿಸಿದ ಭಂಗಿಯಲ್ಲಿ ಡ್ರೈನ್ ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲಿರಬಾರದು, ಸಂಪಿನೊಳಗೆ ಆಯಿಲ್ ಮಟ್ಟಕ್ಕಿಂತ ಮೇಲೆ ತೆರೆದುಕೊಳ್ಳಬೇಕು. ಗ್ಯಾಸ್ಕೆಟ್ ಬದಲು ಸಿಲಿಕೋನ್ ಮೆತ್ತಿದ್ದರೆ ಅದು ಒಳಕ್ಕೆ ಉಕ್ಕಿ ಅರ್ಧ ತೂತು ಮುಚ್ಚಿರುತ್ತದೆ. ಬಾಲ್ ಬೇರಿಂಗ್ ಟರ್ಬೊ ಆದರೆ ಆಯಿಲ್ ಬರುವ ಕಡೆ ಹರಿವು ತಗ್ಗಿಸುವ ರಿಸ್ಟ್ರಿಕ್ಟರ್ ಬೇಕೇ ಎಂದು ತಯಾರಕರ ಸೂಚನೆ ನೋಡಿ. ಬೇಕಾದಲ್ಲಿ ಇಲ್ಲದಿದ್ದರೆ ಇಳಿಯುವುದಕ್ಕಿಂತ ಹೆಚ್ಚು ಆಯಿಲ್ ಒಳಗೆ ನುಗ್ಗುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಆಯಿಲ್ ತುಂಬಿದ್ದರೂ ಇದೇ ಪಾಡು.

ಟರ್ಬೊವನ್ನೇ ನೋಡುವುದಾದರೆ ಶಾಫ್ಟನ್ನು ಬೆರಳಿನಿಂದ ಅಲುಗಿಸಿ. ಜರ್ನಲ್ ಬೇರಿಂಗಿನಲ್ಲಿ ಅಡ್ಡಕ್ಕೆ ಸ್ವಲ್ಪ ಆಟ ಸಹಜ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಟ, ಅಥವಾ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತು ಇದ್ದರೆ ಟರ್ಬೊ ಮುಗಿಯಿತು. ಪೈಪಿನೊಳಗೆ ತೆಳುವಾಗಿ ಆಯಿಲ್ ಸವರಿದಂತಿದ್ದರೆ ಚಿಂತೆ ಬೇಡ, ಬ್ಲೋ-ಬೈ ಟರ್ಬೊದ ಬಾಯಿಗೆ ಹೋಗುವ ಕಾರಿನಲ್ಲಿ ಅದು ಇದ್ದದ್ದೇ. ಇಂಟರ್‌ಕೂಲರ್ ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಗಾಳಿಯ ಜೊತೆ ಸಿಲಿಂಡರ್ ಸೇರುವ ಆಯಿಲ್ ಪೆಟ್ರೋಲಿನ ಆಕ್ಟೇನ್ ಶಕ್ತಿಯನ್ನು ತಗ್ಗಿಸುತ್ತದೆ. ಅದರಿಂದ ನಾಕಿಂಗ್ (ಇಂಧನ ತಾನಾಗಿಯೇ ಸ್ಫೋಟಿಸಿ ಬಡಿಯುವುದು), ನಾಕಿಂಗಿನಿಂದ ರಿಂಗ್ ಕೂರುವ ಪಿಸ್ಟನ್ ಅಂಚು ಒಡೆಯುವುದು, ಒಡೆದ ಮೇಲೆ ಇನ್ನಷ್ಟು ಬ್ಲೋ-ಬೈ, ಇನ್ನಷ್ಟು ಆಯಿಲ್.

ಕೈಗವಸಿನ ಪರೀಕ್ಷೆ

ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ಬಾಯಿಗೆ ತೆಳು ರಬ್ಬರ್ ಕೈಗವಸನ್ನು ಹಿಗ್ಗಿಸಿ ಹಾಕಿ. ಕೈಗವಸು ಮೆಲ್ಲಗೆ ಒಳಕ್ಕೆ ಸೆಳೆದುಕೊಂಡರೆ ಉಸಿರಾಟದ ದಾರಿ ಸರಿಯಿದೆ. ಬೆರಳುಗಳು ಉಬ್ಬಿ ಎದ್ದು ನಿಂತರೆ ಒಳಗೆ ಒತ್ತಡವಿದೆ. ಅಂಕಿ ಬೇಕಿದ್ದರೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಿ. ಎರಡು ಬದಿಯ ನೀರಿನ ಮಟ್ಟದಲ್ಲಿ 1 ಸೆಂ.ಮೀ. ವ್ಯತ್ಯಾಸವೆಂದರೆ ಸುಮಾರು 1 ಮಿಲಿಬಾರ್.

ಒತ್ತಡ ಕಂಡರೆ ಪಿಸಿವಿ ವಾಲ್ವ್ ಬಿಚ್ಚಿ ಮ್ಯಾನಿಫೋಲ್ಡಿನ ಬದಿಯಿಂದ ಗಾಳಿ ಊದಿ. ಹೋಗಬಾರದು. ಹೋದರೆ ಬೂಸ್ಟ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಿದೆ ಎಂದರ್ಥ. ಈ ಚಿಕ್ಕ ವಾಲ್ವ್ ಬದಲಿಸಿದರೆ ಸೋರಿಕೆ ನಿಂತು ಕೆಲಸವೇ ಮುಗಿದುಹೋಗಬಹುದು. ಕ್ಯಾಚ್ ಕ್ಯಾನಿನ ಪೈಪುಗಳನ್ನು ಒಂದೊಂದಾಗಿ ತೆಗೆದು, ಮಡಿಚಿದೆಯೇ, ಒಳಗೆ ಕೆಸರು ಕಟ್ಟಿದೆಯೇ ನೋಡಿ. ಎಲ್ಲ ಸರಿಯಿದ್ದೂ ಕೈಗವಸು ಉಬ್ಬುತ್ತಿದ್ದರೆ ಕಂಪ್ರೆಷನ್ ಗೇಜ್ ತೆಗೆಯುವ ಹೊತ್ತು ಬಂತು.

ಹೊಗೆ ಬರುವ ವೇಳೆಯನ್ನೂ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಬಹಳ ಹೊತ್ತು ಐಡಲ್‌ನಲ್ಲಿ ನಿಂತ ಮೇಲೆ ಮೋಡದಂತೆ ಬಂದರೆ ಟರ್ಬೊ ಡ್ರೈನ್. ಪೂರ್ತಿ ಬೂಸ್ಟಿನಲ್ಲಿ ಬಿಡದೆ ಬಂದರೆ ರಿಂಗ್ ಅಥವಾ ಕ್ರ್ಯಾಂಕ್‌ಕೇಸ್ ಒತ್ತಡ.

ಕಂಪ್ರೆಷನ್ ನೋಡುವ ಕ್ರಮ

ಎಂಜಿನ್ ಬೆಚ್ಚಗಿರಲಿ. 2618 ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್ ಹಾಕಿದ್ದರೆ ಇದು ಇನ್ನೂ ಮುಖ್ಯ: ಅದು ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಸಿಲಿಂಡರಿನಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ, ತಣ್ಣಗಿದ್ದಾಗ ಅಂಕಿ ಕಡಿಮೆಯೇ ಬರುತ್ತದೆ. ಹಾಗೆಂದು ಕೊತಕೊತ ಕಾದ ಅಲ್ಯುಮಿನಿಯಂ ಹೆಡ್ಡಿನಿಂದ ಪ್ಲಗ್ ತೆಗೆಯಬೇಡಿ, ದಾರ ಕಿತ್ತು ಬರುತ್ತದೆ.

ಇಂಧನ ಪಂಪಿನ ಫ್ಯೂಸ್ ತೆಗೆಯಿರಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರುಗಳನ್ನು ಕಳಚಿ. ಎಲ್ಲ ಪ್ಲಗ್ಗುಗಳನ್ನೂ ತೆಗೆದು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ: ಒದ್ದೆ ಕಪ್ಪು ಇದ್ದರೆ ಆಯಿಲ್, ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಹೊಳೆಯುವ ಕಣಗಳಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ, ನಾಕಿಂಗ್ ಈಗಾಗಲೇ ಪಿಸ್ಟನ್ನನ್ನು ತಿನ್ನುತ್ತಿದೆ.

ಬ್ಯಾಟರಿಗೆ ಚಾರ್ಜರ್ ಹಾಕಿ. ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಪೆಡಲ್ ಒತ್ತಿದಾಗ ನಿಜವಾಗಿ ತೆರೆಯುತ್ತದೆಯೇ ಎಂದು ಪೈಪ್ ಕಳಚಿ ಕಣ್ಣಾರೆ ನೋಡಿ, ಬೆರಳು ಹಾಕಬೇಡಿ. ದಾರ ಇರುವ ಗೇಜನ್ನು ಕೂರಿಸಿ, ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಸಾಮಾನ್ಯವಾಗಿ ಐದಾರು ಏರಿಕೆ ಸಾಕು. ಪ್ರತಿ ಸಿಲಿಂಡರಿಗೂ ಅಷ್ಟೇ ಸಲ. ಕೊನೆಯ ಅಂಕಿಯ ಜೊತೆ ಮೊದಲ ಏರಿಕೆಯನ್ನೂ ಬರೆದಿಡಿ. ಒಳ್ಳೆಯ ಸಿಲಿಂಡರ್ ಮೊದಲ ಸಲಕ್ಕೇ ಅರ್ಧಕ್ಕಿಂತ ಮೇಲೆ ಜಿಗಿಯುತ್ತದೆ. ಕೆಳಗೆ ಶುರುವಾಗಿ ಸ್ವಲ್ಪ ಸ್ವಲ್ಪವೇ ಏರಿದರೆ ರಿಂಗ್ ಕಡೆ ನೋಡಬೇಕು. ಕೆಳಗೆ ಶುರುವಾಗಿ ಅಲ್ಲೇ ನಿಂತರೆ ವಾಲ್ವ್ ಕಡೆ.

ಕಂಪನಿ ಪುಸ್ತಕದ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ. 8.5:1 ಅನುಪಾತದ ಟರ್ಬೊ ಎಂಜಿನ್ನಿನಲ್ಲಿ 120ರಿಂದ 150 ಪಿಎಸ್‌ಐ ಸಹಜ. ಇನ್ಟೇಕ್ ವಾಲ್ವನ್ನು ತಡವಾಗಿ ಮುಚ್ಚುವ ದೊಡ್ಡ ಕ್ಯಾಮ್, ದಪ್ಪ ಹೆಡ್ ಗ್ಯಾಸ್ಕೆಟ್, ಎತ್ತರದ ಪ್ರದೇಶ, ಇವೆಲ್ಲ ಅಂಕಿಯನ್ನು ಇಳಿಸುತ್ತವೆ. ಸಿಲಿಂಡರ್ ಸಿಲಿಂಡರಿಗೆ ಎಷ್ಟು ವ್ಯತ್ಯಾಸ ಎಂಬುದೇ ಇಲ್ಲಿ ತೀರ್ಪು. ಶೇ 10ರೊಳಗಿದ್ದರೆ ನೆಮ್ಮದಿ. ಶೇ 15 ದಾಟಿದರೆ ಹುಡುಕಬೇಕು. ಎಲ್ಲವೂ ಸಮನಾಗಿ ಕಡಿಮೆ ಬಂದರೆ ಬ್ಯಾಟರಿ, ಮುಚ್ಚಿದ ಥ್ರಾಟಲ್, ಒಂದು ಹಲ್ಲು ತಪ್ಪಿದ ಕ್ಯಾಮ್ ಟೈಮಿಂಗ್ ಇವನ್ನು ಮೊದಲು ನೋಡಿ.

ಉದಾಹರಣೆಗೆ 140, 138, 95, 142 ಬಂತು ಎನ್ನಿ. ಮೂರನೆಯದಕ್ಕೆ ಒಂದು ಚಮಚ, ಅಂದರೆ 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 130ಕ್ಕೆ ಏರಿದರೆ ರಿಂಗ್ ಅಥವಾ ಸಿಲಿಂಡರ್ ಗೋಡೆ. ಅಲ್ಲೇ ನಿಂತರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. 140, 90, 88, 142 ಹೀಗೆ ಪಕ್ಕಪಕ್ಕದ ಎರಡು ಬಿದ್ದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರ್ ಮಲಗಿರುವುದರಿಂದ ಆಯಿಲ್ ಒಂದೇ ಬದಿಗೆ ನಿಲ್ಲುತ್ತದೆ, ಈ ಆಯಿಲ್ ಪರೀಕ್ಷೆಯನ್ನು ಅಷ್ಟಾಗಿ ನಂಬಬೇಡಿ.

ಗಾಳಿ ಬಿಟ್ಟು ಕಿವಿಗೊಡಿ

ಕಂಪ್ರೆಷನ್ ಗೇಜ್ ದೋಷವಿದೆ ಎನ್ನುತ್ತದೆ, ಸಿಲಿಂಡರಿಗೆ ಗಾಳಿ ಬಿಟ್ಟು ಸೋರಿಕೆ ಅಳೆಯುವ ಲೀಕ್‌ಡೌನ್ ಗೇಜ್ ಜಾಗ ತೋರಿಸುತ್ತದೆ. ನನ್ನನ್ನು ಕೇಳಿದರೆ, ಹೆಡ್ ಇಳಿಸುವ ತೀರ್ಮಾನವನ್ನು ಇದನ್ನು ಮಾಡದೆ ಯಾರೂ ತೆಗೆದುಕೊಳ್ಳಬಾರದು. ಪಿಸ್ಟನ್ ಮಾತ್ರ ಒಡೆದು ರಿಂಗ್ ಉಳಿದಿದ್ದರೆ ಕಂಪ್ರೆಷನ್ ಅಂಕಿ ಹೆಚ್ಚೇನೂ ಬೀಳದೆ ಮೋಸ ಮಾಡುವುದುಂಟು.

ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ತನ್ನಿ. ಕ್ರ್ಯಾಂಕ್ ಬೋಲ್ಟಿನಿಂದ ಪಾನಾ ತೆಗೆದುಬಿಡಿ. ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಿದರೆ ಅದು ಕೈ ಮುರಿಯುತ್ತದೆ. 100 ಪಿಎಸ್‌ಐ ಬಿಟ್ಟಾಗ ಇನ್ನೊಂದು ಗೇಜ್ 88 ತೋರಿಸಿದರೆ ಸೋರಿಕೆ ಶೇ 12. ರಿಂಗ್ ಗ್ಯಾಪ್ ಹೆಚ್ಚು ಬಿಟ್ಟು ಕಟ್ಟಿದ ಟರ್ಬೊ ಎಂಜಿನ್ನಿಗೆ ಇದು ತಪ್ಪಲ್ಲ. ಶೇ 20 ದಾಟಿದರೆ ಎಚ್ಚರ, 30 ದಾಟಿದರೆ ಬಿಚ್ಚಲೇಬೇಕು.

ಗ್ಯಾರೇಜಿನಲ್ಲಿ ಬೇರೆ ಸದ್ದೆಲ್ಲ ನಿಲ್ಲಿಸಿ, ಒಂದು ತುಂಡು ಪೈಪನ್ನು ಕಿವಿಗೆ ಹಿಡಿದು ಕೇಳಿ. ಥ್ರಾಟಲ್ ಬಾಯಲ್ಲಿ ಸುಯ್ ಎಂದರೆ ಇನ್ಟೇಕ್ ವಾಲ್ವ್. ಟರ್ಬೊದ ಬಾಯಲ್ಲಿ ಕೇಳಿದರೆ ದಾರಿ ತಪ್ಪಬಹುದು, ಇಂಟರ್‌ಕೂಲರ್ ಪೈಪ್ ಕಳಚಿಯೇ ಕೇಳಿ. ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಮುಚ್ಚಳದ ಬಾಯಲ್ಲಿ ಬಂದರೆ ರಿಂಗ್. ತುಸು ಸದ್ದು ಎಲ್ಲ ಎಂಜಿನ್ನಿನಲ್ಲೂ ಇರುವುದರಿಂದ ಇತರ ಸಿಲಿಂಡರುಗಳ ಜೊತೆ ಹೋಲಿಸಿ. ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಒಂದು ಅಪವಾದ ಗೊತ್ತಿರಲಿ: ಹೆಚ್ಚು ಬೂಸ್ಟಿನಲ್ಲಿ ಮಾತ್ರ ಹೆಡ್ ಕೂದಲೆಳೆಯಷ್ಟು ಎದ್ದು ಮತ್ತೆ ಕೂರುವುದುಂಟು. ಆಗ ಈ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ, ಆದರೆ ಜೋರಾಗಿ ಓಡಿಸಿದ ಮೇಲೆ ಕೂಲೆಂಟ್ ಉಕ್ಕಿ ಹೊರಗೆ ಬಂದಿರುತ್ತದೆ. ಕೂಲೆಂಟಿನ ಮೇಲಿನ ಗಾಳಿಯನ್ನು ಎಳೆದು ನೋಡುವ ನೀಲಿ ದ್ರವದ ಕಿಟ್ ಸಿಗುತ್ತದೆ; ಅದು ಹಳದಿಯಾದರೆ ಉರಿದ ಅನಿಲ ಕೂಲೆಂಟಿಗೆ ಬೆರೆತಿದೆ.

ಜಾಗ ಗೊತ್ತಾದ ಮೇಲೂ ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ (ಸಣ್ಣ ಕೊಳವೆ ಕ್ಯಾಮೆರಾ) ಇಳಿಸಿ ಸಿಲಿಂಡರ್ ಗೋಡೆ ನೋಡಿ. ಮೇಲಿಂದ ಕೆಳಗೆ ಉದ್ದ ಗೀರುಗಳಿದ್ದರೆ ಬರೀ ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಮತ್ತು ರಿಂಗ್, ಪಿಸ್ಟನ್ ಹಾಳಾಗಿದ್ದರೆ ಹೊಸದು ಹಾಕುವ ಮುನ್ನ ಟ್ಯೂನ್ ಫೈಲ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗುಗಳು) ತೆರೆಯಿಸಿ: ಇಗ್ನಿಷನ್ ಟೈಮಿಂಗ್ ಎಷ್ಟು ಮುಂದಿದೆ, ಪೂರ್ತಿ ಬೂಸ್ಟಿನಲ್ಲಿ ಇಂಧನ ಸಾಲುತ್ತಿದೆಯೇ, ಹಾಕುವ ಪೆಟ್ರೋಲಿನ ಆಕ್ಟೇನಿಗೆ ಆ ಟ್ಯೂನ್ ಹೊಂದುತ್ತದೆಯೇ. ಅಲ್ಲಿಯವರೆಗೆ ಬೂಸ್ಟನ್ನು, ಅದಕ್ಕೆ ಮಿತಿ ಹಾಕುವ ವೇಸ್ಟ್‌ಗೇಟ್ ಸ್ಪ್ರಿಂಗಿನ ಮಟ್ಟಕ್ಕೆ ಇಳಿಸಿಡಿ. ರಿಪೇರಿ ಮುಗಿದ ಮೇಲೆ ಎಂಜಿನ್ ತೊಳೆದು, ಪೌಡರ್ ಹಾಕಿ, ಕೈಗವಸಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹೊಸ ಕಂಪ್ರೆಷನ್ ಅಂಕಿಗಳನ್ನು ದಿನಾಂಕದೊಂದಿಗೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮಾರ್ಪಾಡು ಮಾಡಿದ ಎಂಜಿನ್ನಿಗೆ ಮುಂದೆ ಹೋಲಿಸಿ ನೋಡಲು ಇರುವ ಅಂಕಿ ಅದೊಂದೇ.