ಅಡೋಬೊ: ವಿನೆಗರ್ ಕುದಿಯುವಾಗ ಸೌಟು ಆಡಿಸಬೇಡಿ

ಫಿಲಿಪ್ಪೀನ್ಸ್‌ನ ಮನೆಮನೆಯಲ್ಲೂ ಮಾಡುವ ಹಂದಿ ಮಾಂಸದ ಅಡೋಬೊಗೆ ಮಸಾಲೆ ಅರೆಯುವ ಕೆಲಸವೇ ಇಲ್ಲ. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಬೇ ಎಲೆ ಇದ್ದರೆ ಸಾಕು. ಹೆಸರು ಸ್ಪೇನಿನದು, ಅಡುಗೆ ಫಿಲಿಪ್ಪೀನ್ಸ್‌ನವರದೇ. ವಿನೆಗರ್‌ನಲ್ಲಿ ಮಾಂಸ ಬೇಯಿಸುವುದು ಸ್ಪೇನಿನವರು ಬರುವ ಮೊದಲೇ ಅಲ್ಲಿ ರೂಢಿಯಲ್ಲಿತ್ತು. ಅಲ್ಲಿನ ಭಾಷೆಗಳಲ್ಲೊಂದಾದ ತಗಲೊಗ್‌ನ 1613ರ ನಿಘಂಟಿನಲ್ಲಿ ಸ್ಪೇನಿನ ಪಾದ್ರಿಯೊಬ್ಬರು ಇದನ್ನು ‘ಸ್ಥಳೀಯರ ಅಡೋಬೊ’ ಎಂದೇ ಬರೆದಿದ್ದಾರೆ. ಸೋಯಾ ಸಾಸ್ ಚೀನೀ ವ್ಯಾಪಾರಿಗಳ ಜೊತೆ ಬಂದದ್ದು. ಅದಿಲ್ಲದ ಬಿಳಿ ಅಡೋಬೊ ಈಗಲೂ ಉಂಟು.

ಬೇಕಾಗುವುದು (ನಾಲ್ವರಿಗೆ): ಹಂದಿ ಮಾಂಸ 1 ಕಿಲೋ, ವಿನೆಗರ್ ಅರ್ಧ ಕಪ್, ಸೋಯಾ ಸಾಸ್ ಕಾಲು ಕಪ್ಪಿಗಿಂತ ತುಸು ಹೆಚ್ಚು, ದೊಡ್ಡ ಬೆಳ್ಳುಳ್ಳಿ ಗಡ್ಡೆ 1, ಕಾಳುಮೆಣಸು 1 ಚಮಚ, ಒಣಗಿದ ಬೇ ಎಲೆ 3, ನೀರು ಒಂದೂವರೆ ಕಪ್.

ಮಾಂಸ ಹೊಟ್ಟೆಯ ಭಾಗದ್ದಿರಲಿ, ತೊಗಲು ಮತ್ತು ಕೊಬ್ಬಿನ ಸಮೇತ. ಅಲ್ಲಿ ಅದಕ್ಕೆ ಲಿಯೆಂಪೊ ಎನ್ನುತ್ತಾರೆ. ಕೊಬ್ಬಿಲ್ಲದ ತುಂಡುಗಳು ಬೆಂದ ಮೇಲೆ ನಾರುನಾರಾಗುತ್ತವೆ.

ವಿನೆಗರ್ ವಿಷಯದಲ್ಲಿ ಉಳಿತಾಯ ಬೇಡ. ಬಾಟಲಿಯ ಮೇಲೆ ‘ಸಿಂಥೆಟಿಕ್’ ಎಂದಿದ್ದರೆ ಅದು ನೀರು ಬೆರೆಸಿದ ಅಸಿಟಿಕ್ ಆಮ್ಲ. ಬರೀ ಘಾಟು, ರುಚಿಯಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಕಬ್ಬಿನ ಅಥವಾ ತೆಂಗಿನ ಕಳ್ಳಿನ ವಿನೆಗರ್ ಬಳಸುತ್ತಾರೆ. ಮಂಗಳೂರು, ಗೋವಾ ಕಡೆಯ ಕಳ್ಳಿನ ವಿನೆಗರ್ ಸಿಕ್ಕರೆ ಅದೇ ಸರಿ. ಕೊಡಗಿನ ಕಾಚಂಪುಳಿ ಮಾತ್ರ ಇಲ್ಲಿ ಬೇಡ. ಅದು ಹಣ್ಣಿನ ರಸ ಬತ್ತಿಸಿದ್ದು. ಕುದಿಸಿದರೆ ಅದರ ಹುಳಿ ಆವಿಯಾಗಿ ಹೋಗುವುದಿಲ್ಲ, ಇನ್ನೂ ಗಾಢವಾಗುತ್ತದೆ.

ಎಲೆಯನ್ನೂ ನೋಡಿ ಕೊಳ್ಳಿ. ನಮ್ಮ ಪಲಾವ್ ಎಲೆಯ ಉದ್ದಕ್ಕೂ ಮೂರು ನರಗಳಿರುತ್ತವೆ, ಚಕ್ಕೆಯ ವಾಸನೆ ಬರುತ್ತದೆ. ಅಡೋಬೊಗೆ ಬೇಕಾದ ಎಲೆಯ ನಡುವೆ ಇರುವುದು ಒಂದೇ ನರ. ಅದು ಸಿಗದಿದ್ದರೆ ಪಲಾವ್ ಎಲೆ ಒಂದೇ ಒಂದು ಹಾಕಿ.

ಮೊದಲ ಹಂತ. ಮಾಂಸವನ್ನು ಒಂದೂವರೆ ಇಂಚಿನ ತುಂಡು ಮಾಡಿ. ಸೋಯಾ ಸಾಸ್, ಜಜ್ಜಿದ ಅರ್ಧ ಬೆಳ್ಳುಳ್ಳಿ, ಮೆಣಸು ಬೆರೆಸಿ ಅರ್ಧ ಗಂಟೆ ಬಿಡಿ. ಉಪ್ಪು ಈಗ ಬೇಡವೇ ಬೇಡ.

ಎರಡನೆಯದು. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆಗೆ ಎಲ್ಲವನ್ನೂ ಹಾಕಿ, ನೀರು, ಎಲೆ ಸೇರಿಸಿ ಕುದಿಸಿ. ಅಲ್ಯೂಮಿನಿಯಂ ಆಗದು, ಹುಳಿ ಅದನ್ನು ತಿನ್ನುತ್ತದೆ. ಮೇಲೆ ಬಂದ ನೊರೆ ತೆಗೆಯಿರಿ. ಈಗ ವಿನೆಗರ್ ಸುರಿದು ಕೈ ಕಟ್ಟಿ ನಿಲ್ಲಿ. ಕುದಿ ಬರುವವರೆಗೆ ಸೌಟು ಆಡಿಸಬಾರದು ಎಂಬುದು ಅಲ್ಲಿನ ಅಡುಗೆಮನೆಗಳ ಹಳೆಯ ಕಟ್ಟಳೆ. ಅದಕ್ಕಿಂತಲೂ ಮುಖ್ಯ, ಮುಚ್ಚಳ ಹಾಕದಿರುವುದು. ಮೊದಲು ಪಾತ್ರೆಯ ಮೇಲೆ ಬಗ್ಗಿದರೆ ಆವಿ ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ಬರುತ್ತದೆ. ಎಂಟು ಹತ್ತು ನಿಮಿಷದಲ್ಲಿ ಆ ಚುಚ್ಚು ಹೋಗಿ ಬೆಳ್ಳುಳ್ಳಿಯ ಘಮ ಮೇಲೇಳುತ್ತದೆ. ಆಗಲೇ ಮುಂದಿನ ಕೆಲಸ. ಕುಕ್ಕರ್‌ನಲ್ಲಿ ಕೂಗಿಸಿದ ಅಡೋಬೊ ಹಸಿಹಸಿ ಹುಳಿಯಾಗುವುದು ಇದೇ ಕಾರಣಕ್ಕೆ: ಆವಿಗೆ ಹೋಗಲು ದಾರಿಯಿಲ್ಲ.

ಮೂರನೆಯದು. ಮುಚ್ಚಳ ಓರೆ ಮಾಡಿ, ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ. ಚಾಕುವಿನ ತುದಿ ತೊಗಲಿನೊಳಗೆ ಸಲೀಸಾಗಿ ಇಳಿಯಬೇಕು. ಉರಿ ಜೋರಾದರೆ ರಸ ಬತ್ತುತ್ತದೆ, ತೊಗಲು ರಬ್ಬರಿನಂತೆ ಉಳಿಯುತ್ತದೆ.

ಕೊನೆಗೆ ಹುರಿಯುವುದು. ಹಲವರು ಇದನ್ನು ಬಿಡುತ್ತಾರೆ, ನಾವು ಬಿಡಬೇಡಿ ಎನ್ನುತ್ತೇವೆ. ತುಂಡುಗಳನ್ನು ಎತ್ತಿ ರಸ ಚೆನ್ನಾಗಿ ಸೋರಲು ಬಿಡಿ. ಒದ್ದೆಯಿದ್ದರೆ ಜಿಡ್ಡು ಸಿಡಿಯುತ್ತದೆ. ರಸದ ಮೇಲೆ ತೇಲುವ ಕೊಬ್ಬನ್ನು ಎರಡು ಚಮಚ ತೆಗೆದು ಅಗಲ ಬಾಣಲೆಗೆ ಹಾಕಿ, ತುಂಡುಗಳ ಅಂಚು ಕೆಂಪಾಗುವವರೆಗೆ ಹುರಿಯಿರಿ. ಉಳಿದ ಬೆಳ್ಳುಳ್ಳಿ ಕೊನೆಯ ನಿಮಿಷಕ್ಕೆ. ಸೀದರೆ ಎಲ್ಲವೂ ಕಹಿ. ರಸ ಸುರಿದು, ಚಮಚಕ್ಕೆ ಅಂಟುವಷ್ಟು ಬತ್ತಿಸಿ. ಉಪ್ಪು ನೋಡುವುದು ಈಗ. ಉಪ್ಪು ಹೆಚ್ಚಾಗಿದ್ದರೆ ಬಿಸಿನೀರು, ಬೇಯಿಸಿದ ಆಲೂಗಡ್ಡೆ ಸೇರಿಸಿ. ಹುಳಿ ಹೆಚ್ಚಿದ್ದರೆ ಸಕ್ಕರೆಗೆ ಕೈ ಹಾಕುವ ಮೊದಲು ಸ್ವಲ್ಪ ನೀರು ಹಾಕಿ, ಮುಚ್ಚಳವಿಲ್ಲದೆ ಐದು ನಿಮಿಷ ಕುದಿಸಿ.

ಬಿಸಿ ಅನ್ನಕ್ಕೆ ಬಡಿಸಿ. ಮರುದಿನಕ್ಕೆ ರುಚಿ ಇನ್ನೂ ಹಿಡಿಯುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಬಾಣಲೆಯ ತಳದಲ್ಲಿ ಉಳಿದ ಜಿಡ್ಡನ್ನು ತೊಳೆದುಬಿಡಬೇಡಿ. ಅದರಲ್ಲೇ ನಾಲ್ಕು ಎಸಳು ಬೆಳ್ಳುಳ್ಳಿ ಹುರಿದು ತಂಗಳನ್ನ ಕಲಸಿದರೆ, ಅಲ್ಲಿನವರ ಬೆಳಗಿನ ತಿಂಡಿ ಸಿನಾಂಗಾಗ್ ಸಿದ್ಧ.