ಅಳತೆ ಪುಸ್ತಕದ ಹಿಂಬದಿ ಹಾಳೆಗಳು: ಮಗುವನ್ನು ಆಟಿಸಂ ತಪಾಸಣೆಗೆ ಕರೆದೊಯ್ಯುವವರಿಗೆ

ಅರಸೀಕೆರೆಯಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕವನ್ನು ಒಂದು ದಿನ ತಿರುವಿ ಹಾಕಿ, ಹಿಂದಿನ ಹಾಳೆಯಿಂದ ಮಗನ ವಿಷಯ ಬರೆಯಲು ಶುರು ಮಾಡಿದೆ. ಆಗ ಅವನಿಗೆ 2 ವರ್ಷ 4 ತಿಂಗಳು. "ಗಂಡ್ಮಕ್ಳು ಮಾತು ನಿಧಾನ. ಇವ್ರಪ್ಪನೂ ಮೂರು ತುಂಬೋ ತನ್ಕ ಬಾಯಿ ಬಿಟ್ಟಿರ್ಲಿಲ್ಲ, ಸುಮ್ನಿರವ್ವ" ಅಂದರು ಅತ್ತೆ. ತೋರಿಸಿದ ಡಾಕ್ಟರೊಬ್ಬರೂ 5 ವರ್ಷ ಆಗಲಿ ನೋಡೋಣ ಅಂದರು. ಆ ಮಾತು ನಂಬಿ ನಾಲ್ಕು ತಿಂಗಳು ಕೈಚೆಲ್ಲಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಿಮಗೆ ಅನುಮಾನ ಬಂದಿದ್ದರೆ ಕಾಯಬೇಡಿ, ಹೋಗಿ ಬನ್ನಿ. ಏನೂ ಇಲ್ಲ ಅಂದರೆ ನೆಮ್ಮದಿಯಾಗಿ ಮನೆಗೆ ಬರುತ್ತೀರಿ, ಅಷ್ಟೇ.

ಆಟಿಸಂ ಅಂದರೆ ಮಗು ಮಾತಾಡುವ, ಬೇರೆಯವರ ಜೊತೆ ಬೆರೆಯುವ ರೀತಿ ಬೇರೆಯಾಗಿ ಬೆಳೆಯುವುದು. ಅದು ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗೂ ಇಲ್ಲ. ಮಗುವನ್ನು ನೋಡಿ, ನಿಮ್ಮನ್ನು ಕೇಳಿ ತೀರ್ಮಾನಿಸುತ್ತಾರೆ. ಅದಕ್ಕೇ ನೀವು ಏನು ಹೇಳುತ್ತೀರಿ ಅನ್ನುವುದಕ್ಕೆ ಅಷ್ಟು ಬೆಲೆ. ಹೋದ ಮೇಲೆ ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ, ಬರೆದಿಟ್ಟುಕೊಳ್ಳಿ. "ಹಠ ಮಾಡ್ತಾನೆ" ಅಂತ ಬರೆದರೆ ಸಾಲದು, ಕಂಡದ್ದನ್ನು ಕಂಡ ಹಾಗೇ ಬರೆಯಬೇಕು. ನನ್ನ ಪುಸ್ತಕದ ಒಂದು ಹಾಳೆ ಹೀಗಿದೆ:

"ಮಂಗಳವಾರ. ಮೆಷಿನ್ ಕೆಳಗೆ 11 ಬಾಬಿನ್ ಸಾಲಾಗಿ ಜೋಡಿಸಿದ. ಒಂದು ತೆಗೆದೆ, 20 ನಿಮಿಷ ಅತ್ತ. ಹೆಸರು 6 ಸಲ ಕರೆದೆ, ತಿರುಗಲಿಲ್ಲ. ಗುಂಡಿ ಡಬ್ಬಿ ಮುಚ್ಚಳ ತೆಗೆದ ಸದ್ದಿಗೆ ಒಳಗಿನಿಂದ ಓಡಿ ಬಂದ. ನೀರು ಬೇಕಾದಾಗ ನನ್ನ ಮಣಿಕಟ್ಟು ಹಿಡಿದು ಎಳಕೊಂಡು ಹೋಗಿ ಬಿಂದಿಗೆ ಮೇಲೆ ನನ್ನ ಕೈ ಇಟ್ಟ. ಬೆರಳು ತೋರಿಸಲಿಲ್ಲ, ಮುಖ ನೋಡಲಿಲ್ಲ."

ಆ ಬಿಂದಿಗೆಯ ಸಾಲನ್ನು ಸೈಕಾಲಜಿಸ್ಟ್ ಎರಡು ಸಲ ಓದಿಸಿಕೊಂಡರು.

ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೋಗಳೂ ಇರಲಿ. ಒಬ್ಬನೇ ಆಡುವಾಗ, ಹೆಸರು ಹಿಡಿದು ಕರೆದಾಗ, ಬೇರೆ ಮಕ್ಕಳ ಜೊತೆ ಬಿಟ್ಟಾಗ ಹೇಗಿರುತ್ತಾನೆ ಅನ್ನುವುದು ಕಾಣಬೇಕು. ಅಳುವುದನ್ನಷ್ಟೇ ಹಿಡಿಯಬೇಡಿ, ನಗುವುದನ್ನೂ ಹಿಡಿಯಿರಿ.

ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1965ರಲ್ಲಿ ಶುರುವಾದ ಸಂಸ್ಥೆ ಅದು. 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಆಟೋದವರಿಗೂ ಗೊತ್ತು. ಕಿವಿ, ಮಾತು, ಮನಶ್ಶಾಸ್ತ್ರ ಮೂರೂ ಒಂದೇ ಕಡೆ ಸಿಗುತ್ತವೆ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಎಲ್ಲಿದೆ ಎಂದು ಕೇಳಿ. ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡದವರೂ ಅಲ್ಲಿಗೆ ಬರೆದುಕೊಡುತ್ತಾರೆ. ಖಾಸಗಿಯಾಗಿ ತೋರಿಸುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ. ಹಾಗೆ ಕೇಳಿದರೆ ತಪ್ಪೇನಿಲ್ಲ.

ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಹುಟ್ಟಿದಾಗ ತಕ್ಷಣ ಅತ್ತಿತ್ತೇ, ತೂಕ ಎಷ್ಟು, ಕತ್ತು ನಿಂತದ್ದು ಯಾವಾಗ, ನಡೆದದ್ದು ಯಾವಾಗ, ಬಂದ ಮಾತು ನಿಂತುಹೋಯಿತೇ, ಎಲ್ಲ ಕೇಳುತ್ತಾರೆ.

ಮೊದಲು ಕಿವಿ ಪರೀಕ್ಷೆ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲವಲ್ಲ, ಅದಕ್ಕೆ. ಬೆರಾ ಎಂಬ ಪರೀಕ್ಷೆಗೆ ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿ ಸದ್ದು ಕೇಳಿಸುತ್ತಾರೆ. ಆಗ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಿದ್ದೆ, ಆದರೆ ಮುಂಜಾನೆಯ ರೈಲಿನಲ್ಲೇ ಅವನು ನಿದ್ದೆ ಮುಗಿಸಿಬಿಟ್ಟ. ಪರೀಕ್ಷೆಗಾಗಿ ಇನ್ನೊಂದು ದಿನ ಹೋಗಬೇಕಾಯಿತು. ದೂರದವರು ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುವುದು ಒಳ್ಳೆಯದು.

ಸೈಕಾಲಜಿಸ್ಟ್ ಚಾಪೆಯ ಮೇಲೆ ಅವನೆದುರು ಕೂತು ಸೋಪಿನ ಗುಳ್ಳೆ ಊದಿದರು, ನಿಲ್ಲಿಸಿದರು, ಇನ್ನೂ ಬೇಕು ಅಂತ ಅವನು ಹೇಗೆ ತಿಳಿಸುತ್ತಾನೆ ಎಂದು ಕಾದರು. ಅವನು ಅವರ ಕೈಯನ್ನು ಡಬ್ಬಿಯ ಕಡೆ ತಳ್ಳಿದ. ಅಂಥ ಹೊತ್ತಿನಲ್ಲಿ "ಆಂಟಿನ ನೋಡು ಪುಟ್ಟ" ಎಂದು ಹೇಳಿಕೊಡಬೇಡಿ. ನನ್ನ ಬಾಯಿ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಆಮೇಲೆ ನಮ್ಮನ್ನು ಕೂರಿಸಿಕೊಂಡು ಐಸಾ ಎಂಬ ಭಾರತೀಯ ಮಾಪನ ತುಂಬಿಸಿದರು. 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ ಎಂದು ಪರಿಗಣಿಸುತ್ತಾರೆ. 106ರವರೆಗೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಕಡಿಮೆ ಬರಲಿ ಎಂದು ಮುಚ್ಚಿಡಬೇಡಿ, ಹೆಚ್ಚು ಮಾಡಿಯೂ ಹೇಳಬೇಡಿ. ಅಪ್ಪ ಒಂದು, ಅಮ್ಮ ಒಂದು ಹೇಳಿದರೆ ಇಬ್ಬರದ್ದೂ ಹೇಳಿ. ನನ್ನ ಗಂಡ ಕಂಡಿದ್ದ ಕೆಲವು ವಿಷಯ ನನಗೆ ಗೊತ್ತೇ ಇರಲಿಲ್ಲ.

ವರದಿಯಲ್ಲಿ ಯಾವ ಪರೀಕ್ಷೆ, ಎಷ್ಟು ಅಂಕ, ಯಾರ ಸಹಿ ಎಂದು ನೋಡಿ, ನಾಲ್ಕು ಜೆರಾಕ್ಸ್ ಮಾಡಿಸಿ. ಇದು ಅಂಗವೈಕಲ್ಯ ಪ್ರಮಾಣಪತ್ರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಆದರೆ ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೂ ಬೇರೆಯಾಗಿ ಅರ್ಜಿ ಹಾಕಬೇಕು. ಅದು ಒಂದು ತಿಂಗಳು ತಡವಾದರೂ ಪರವಾಗಿಲ್ಲ. ಥೆರಪಿ ತಡವಾಗಬಾರದು. ಅದೇ ಕೋಣೆಯಲ್ಲಿ ಕೂತಿರುವಾಗಲೇ "ನಾಳೆಯಿಂದ ಮನೆಯಲ್ಲಿ ಏನು ಮಾಡಲಿ?" ಎಂದು ಕೇಳಿ. ನನಗೆ ಹೇಳಿದ್ದು ಇಷ್ಟು: ಅವನು ಮಣಿಕಟ್ಟು ಹಿಡಿದು ಎಳೆದಾಗ ತಕ್ಷಣ ನೀರು ಕೊಡಬೇಡಿ, ಅವನ ಎತ್ತರಕ್ಕೆ ಕೂತು, ಲೋಟವನ್ನು ನಿಮ್ಮ ಮುಖದ ಹತ್ತಿರ ಹಿಡಿದು "ನೀರು" ಅನ್ನಿ, ಸ್ವಲ್ಪ ಕಾಯಿರಿ, ಆಮೇಲೆ ಕೊಡಿ. ಅದನ್ನೂ ಅಳತೆ ಪುಸ್ತಕದ ಹಿಂದೆಯೇ ಬರೆದುಕೊಂಡೆ, ಮುಂದಿನ ತಾರೀಖಿನ ಕೆಳಗೆ.